ಜ್ವರವೇ ಇಲ್ಲದ ಸೋಂಕು: ಪಿಟ್ಯುಟರಿಯಲ್ಲಿ ಕೀವು, ಟಿಬಿ, ಫಂಗಸ್

ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸೋಂಕು ತಗಲುವುದು ತುಂಬ ಅಪರೂಪ. ಈ ಗ್ರಂಥಿಗೆ ಆಪರೇಷನ್ ಆಗುವ ನೂರು ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಒಳಗೆ ಕೀವು ಸಿಗುತ್ತದೆ. 1848ರಲ್ಲಿ ಹೆಸ್ಲಾಪ್ ಎಂಬ ವೈದ್ಯರು ಇದನ್ನು ಮೊದಲ ಬಾರಿಗೆ ವರದಿ ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಕೆಲವು ನೂರು ರೋಗಿಗಳ ವಿವರಗಳಷ್ಟೇ ಬಂದಿವೆ.

ಇಷ್ಟು ಅಪರೂಪದ ಕಾಯಿಲೆಯ ಬಗ್ಗೆ ಮುಂಬೈ ಕನ್ನಡಿಗರಿಗೆ ಯಾಕೆ ಬರೆಯಬೇಕು? ಒಂದು ಕಾರಣ ಟಿಬಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಮುಂಬೈಯಲ್ಲಂತೂ ಔಷಧಕ್ಕೆ ಬಗ್ಗದ ಟಿಬಿಯೂ ದೊಡ್ಡ ಸಮಸ್ಯೆ. ಬೇರೆ ದೇಶದ ವೈದ್ಯರು ಪಿಟ್ಯುಟರಿಯ ಗಡ್ಡೆ ನೋಡಿದಾಗ ಟಿಬಿಯನ್ನು ಕೊನೆಯಲ್ಲಿ ನೆನೆಯಬಹುದು. ಇಲ್ಲಿ ಹಾಗೆ ಮಾಡುವಂತಿಲ್ಲ. ಇನ್ನೊಂದು ಕಾರಣ ನಮ್ಮ ಊರಿನವರು. ಕಲಬುರಗಿ, ವಿಜಯಪುರದಿಂದಲೂ ಕರಾವಳಿಯಿಂದಲೂ ಎಂಆರ್‌ಐ ಫಿಲ್ಮ್ ಹಿಡಿದು ಪರೇಲ್, ಸಯನ್ ಕಡೆಯ ದೊಡ್ಡ ಆಸ್ಪತ್ರೆಗಳಿಗೆ ಬರುವವರು ಇದ್ದಾರೆ. ಅವರಿಗೆ ಒಪಿಡಿಯಲ್ಲಿ ಮರಾಠಿ, ಹಿಂದಿಯಲ್ಲಿ ಹೇಳಿದ್ದು ಅರ್ಧ ಅರ್ಥವಾಗಿರುತ್ತದೆ. ಉಳಿದರ್ಧವನ್ನು ಬಿಡಿಸಿ ಹೇಳುವ ಕೆಲಸ ಜೊತೆಗೆ ಹೋದ ಡೊಂಬಿವಲಿಯ ಮಾವನದೋ ಘಾಟ್ಕೋಪರ್‌ನ ಚಿಕ್ಕಮ್ಮನದೋ ಆಗುತ್ತದೆ. ಅಂಥ ಮಾವ, ಚಿಕ್ಕಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ

ಪಿಟ್ಯುಟರಿ ಒಂದು ಬಟಾಣಿ ಕಾಳಿನಷ್ಟಿದೆ. ತೂಕ ಸುಮಾರು ಅರ್ಧ ಗ್ರಾಂ. ಮೂಗಿನ ಹಿಂದೆ, ಮೆದುಳಿನ ತಳದಲ್ಲಿ, ಮೂಳೆಯ ಒಂದು ಸಣ್ಣ ಗುಳಿಯಲ್ಲಿ ಕೂತಿರುತ್ತದೆ. ಕಾಯಿಲೆ ಅರ್ಥವಾಗಬೇಕಾದರೆ ಇದರ ಅಕ್ಕಪಕ್ಕದಲ್ಲಿ ಏನಿದೆ ಅಂತ ಗೊತ್ತಿರಬೇಕು. ಮೇಲುಗಡೆ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ. ಎಡಬಲದಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಮತ್ತು ಕಣ್ಣುಗುಡ್ಡೆಯನ್ನು ಆಡಿಸುವ ನರಗಳು. ಕೆಳಗೆ, ತೆಳುವಾದ ಮೂಳೆಯ ಆಚೆಗೆ, ಮೂಗಿಗೆ ಸೇರಿದ ಸ್ಪಿನಾಯ್ಡ್ ಸೈನಸ್ ಎಂಬ ಗಾಳಿ ತುಂಬಿದ ಪೊಳ್ಳು.

ಗ್ರಂಥಿಯ ಮುಂಭಾಗ ಥೈರಾಯ್ಡ್, ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್, ಅಂಡಾಶಯ, ವೃಷಣಗಳಿಗೆ ಕೆಲಸ ಮಾಡಿ ಎಂದು ಹಾರ್ಮೋನ್ ಕಳಿಸುತ್ತದೆ. ಬೆಳವಣಿಗೆಯ ಹಾರ್ಮೋನ್, ಎದೆಹಾಲಿನ ಹಾರ್ಮೋನ್ ಕೂಡ ಇಲ್ಲಿಂದಲೇ. ಹಿಂಭಾಗದಿಂದ ಬರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್, ಕಿಡ್ನಿಯಲ್ಲಿ ನೀರು ಸುಮ್ನೆ ಹರಿದು ಹೋಗದಂತೆ ತಡೆಯುತ್ತದೆ. ಅದು ನಿಂತರೆ ಮೂತ್ರ ನೀರಿನಂತೆ ತೆಳುವಾಗಿ ಹೋಗುತ್ತಲೇ ಇರುತ್ತದೆ. ದಿನಕ್ಕೆ ಮೂರು ಲೀಟರಿಗಿಂತ ಜಾಸ್ತಿ. ಬಾಯಾರಿಕೆಯೂ ಹಾಗೆಯೇ.

ಸೋಂಕು ಇಲ್ಲಿಗೆ ಹಲವು ದಾರಿಯಲ್ಲಿ ಬರಬಹುದು. ರಕ್ತದ ಮೂಲಕ ದೇಹದ ಬೇರೆ ಕಡೆಯಿಂದ ಬರುತ್ತದೆ. ಕೆಳಗಿನ ಸೈನಸ್‌ನಿಂದ ನೇರವಾಗಿ ಹತ್ತುತ್ತದೆ. ಮೆದುಳುಪೊರೆಯ ಸೋಂಕಿನಿಂದ ಹರಡುತ್ತದೆ. ಮೊದಲೇ ಅಲ್ಲಿ ಗಡ್ಡೆಯೋ ನೀರುಗುಳ್ಳೆಯೋ ಇದ್ದರೆ, ಅಥವಾ ಹಿಂದೆ ಆಪರೇಷನ್ ಆಗಿದ್ದರೆ, ಆ ಜಾಗದಲ್ಲೂ ಸೋಂಕು ನೆಲೆಯೂರಬಹುದು. ಆದರೆ ಕೀವು ತುಂಬಿದವರಲ್ಲಿ ಹೆಚ್ಚಿನವರಿಗೆ ಮೊದಲು ಗ್ರಂಥಿ ಸರಿಯಾಗಿಯೇ ಇತ್ತು. ಎಲ್ಲಿಂದ ಬಂತು ಅಂತ ಎಷ್ಟೋ ಸಲ ಪತ್ತೆಯೇ ಆಗುವುದಿಲ್ಲ.

ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಚೀಟಿ

ಸೋಂಕು ಅಂದ ತಕ್ಷಣ ನಮಗೆ ನೆನಪಾಗುವುದು ಜ್ವರ, ಅಲ್ವಾ? ಪಿಟ್ಯುಟರಿಯಲ್ಲಿ ಕೀವು ತುಂಬಿದವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಜ್ವರ ಇರುತ್ತದೆ. ರಕ್ತದ ಬಿಳಿಕಣಗಳ ಲೆಕ್ಕವೂ ಹಲವರಲ್ಲಿ ಸರಿಯಾಗಿಯೇ ಇರುತ್ತದೆ. ಇದೇ ಈ ಕಾಯಿಲೆಯ ದೊಡ್ಡ ತೊಡಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಡೊಂಬಿವಲಿಯಲ್ಲಿ ಇರುವ, ನಲವತ್ತರ ಒಳಗಿನ ಒಬ್ಬ ಅಕ್ಕ. ಕೆಲವು ತಿಂಗಳಿಂದ ತಲೆನೋವು. ಮೈಗ್ರೇನ್ ಎಂದು ಮಾತ್ರೆ ಸಿಕ್ಕಿದೆ. ಮುಟ್ಟು ನಿಂತಿದೆ. ಅದಕ್ಕೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿದ್ದಾರೆ. ಸ್ಟೇಷನ್ನಿನಲ್ಲಿ ನಡೆಯುವಾಗ ಪಕ್ಕದಿಂದ ಬಂದವರು ಕಾಣದೆ ಭುಜಕ್ಕೆ ಡಿಕ್ಕಿ ಹೊಡೆಯುತ್ತಾರೆ. ಕನ್ನಡಕದ ನಂಬರ್ ಬದಲಾಗಿದೆ, ಆದರೂ ಸರಿಹೋಗಿಲ್ಲ. ರಾತ್ರಿ ನಾಲ್ಕೈದು ಸಲ ಎದ್ದು ಬಾತ್‌ರೂಮಿಗೆ ಹೋಗುತ್ತಾರೆ, ಪ್ರತಿಸಲವೂ ಚೆಂಬು ನೀರು ಕುಡಿಯುತ್ತಾರೆ. ಶುಗರ್ ನೋಡಿಸಿದರೆ ನಾರ್ಮಲ್. ತುಂಬ ಸುಸ್ತು. ಥೈರಾಯ್ಡ್ ಇರಬಹುದೆಂದು ಟಿಎಸ್‌ಎಚ್ ಮಾಡಿಸಿದರೆ ಅದೂ ನಾರ್ಮಲ್.

ಎಲ್ಲ ಡಾಕ್ಟರೂ ತಮ್ಮ ತಮ್ಮ ಭಾಗವನ್ನು ಸರಿಯಾಗಿಯೇ ನೋಡಿದ್ದಾರೆ. ಆದರೆ ಚೀಟಿಗಳು ಬೇರೆ ಬೇರೆ ಫೈಲಿನಲ್ಲಿವೆ. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಪಿಟ್ಯುಟರಿ ಎದ್ದು ಕಾಣುತ್ತದೆ. ತಲೆನೋವು ಗ್ರಂಥಿ ಊದಿಕೊಂಡದ್ದರಿಂದ. ಪಕ್ಕದ ನೋಟ ಹೋದದ್ದು ಮೇಲಿನ ಕಣ್ಣಿನ ನರ ಒತ್ತಿದ್ದರಿಂದ. ಮುಟ್ಟು ನಿಂತದ್ದೂ ಸುಸ್ತೂ ಮುಂಭಾಗದ ಹಾರ್ಮೋನ್ ಕಡಿಮೆಯಾದ್ದರಿಂದ. ಬಾಯಾರಿಕೆ ವ್ಯಾಸೊಪ್ರೆಸಿನ್ ನಿಂತದ್ದರಿಂದ.

ಟಿಎಸ್‌ಎಚ್ ನಾರ್ಮಲ್ ಬಂದದ್ದು ಹೇಗೆ? ಟಿಎಸ್‌ಎಚ್ ತಯಾರಾಗುವುದೇ ಪಿಟ್ಯುಟರಿಯಲ್ಲಿ. ಥೈರಾಯ್ಡ್ ಕೆಟ್ಟರೆ ಪಿಟ್ಯುಟರಿ ಕೂಗಿ ಹೇಳುತ್ತದೆ, ಟಿಎಸ್‌ಎಚ್ ಏರುತ್ತದೆ. ಪಿಟ್ಯುಟರಿಯೇ ಕೆಟ್ಟರೆ ಕೂಗುವವರಿಲ್ಲ. ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ಇಳಿದಿದ್ದರೂ ಟಿಎಸ್‌ಎಚ್ ನಾರ್ಮಲ್ ಎಂದೇ ಕಾಣಬಹುದು. ಹಾಗಾಗಿ ಫ್ರೀ ಟಿ4 ಕೂಡ ನೋಡಲೇಬೇಕು. ಅಗ್ಗದ ಹೆಲ್ತ್ ಪ್ಯಾಕೇಜಿನ ಒಂದೇ ಒಂದು ಟಿಎಸ್‌ಎಚ್ ನೋಡಿ ನೆಮ್ಮದಿಯಾಗಬೇಡಿ ಎಂದು ಇಂಥ ಲಕ್ಷಣ ಇರುವವರಿಗೆ ಗಟ್ಟಿಯಾಗಿ ಹೇಳುತ್ತೇನೆ.

ಬಾಯಾರಿಕೆಯ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು. ಪಿಟ್ಯುಟರಿಯಲ್ಲಿ ಸಾಮಾನ್ಯವಾಗಿ ಕಾಣುವ ಗಡ್ಡೆ ಅಡಿನೋಮ. ಅದು ಕ್ಯಾನ್ಸರ್ ಅಲ್ಲ. ಎಷ್ಟೇ ದೊಡ್ಡದಾದರೂ ಆಪರೇಷನ್ನಿಗೆ ಮೊದಲು ಅದು ಈ ನೀರಿನ ಸಮಸ್ಯೆಯನ್ನು ತರುವುದು ತೀರ ವಿರಳ. ಕೀವಿದ್ದರೆ, ಟಿಬಿ ಇದ್ದರೆ, ಅಥವಾ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದು ಊತ ತಂದಿದ್ದರೆ ಇದು ಆಗಾಗ ಕಾಣುತ್ತದೆ. ಅಂದರೆ ಸ್ಕ್ಯಾನಿನಲ್ಲಿ ಗಡ್ಡೆ ಇದೆ, ಜೊತೆಗೆ ಲೀಟರುಗಟ್ಟಲೆ ಮೂತ್ರವೂ ಹೋಗುತ್ತಿದೆ ಎಂದರೆ ‘ಇದು ಮಾಮೂಲಿ ಗಡ್ಡೆಯೇನಾ?’ ಎಂದು ಕೇಳುವುದಕ್ಕೆ ಅದೇ ಮೊದಲ ಕಾರಣ. ಡಾಕ್ಟರಿಗೆ ಈ ಸುಳಿವು ಕೊಡಬಲ್ಲವರು ಮನೆಯವರು. ರಾತ್ರಿ ಎಷ್ಟು ಸಲ ಏಳುತ್ತಾರೆ, ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂದು ಬರೆದಿಟ್ಟುಕೊಂಡು ಹೋಗಿ.

ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಂಆರ್‌ಐಯಲ್ಲಿ ಬಣ್ಣದ ಔಷಧ ಚುಚ್ಚಿದಾಗ ಕೀವಿನ ಗಂಟು ಉಂಗುರದಂತೆ ಕಾಣುತ್ತದೆ. ಸುತ್ತಲ ಗೋಡೆ ಬೆಳಗುತ್ತದೆ, ನಡುಭಾಗ ಕಪ್ಪಾಗಿ ಉಳಿಯುತ್ತದೆ. ತೊಂದರೆ ಏನೆಂದರೆ ಒಳಗೆ ನೀರು ತುಂಬಿದ ಅಡಿನೋಮ, ಹಳೆಯ ರಕ್ತಸ್ರಾವ, ಹುಟ್ಟಿನಿಂದ ಇರುವ ಕೆಲವು ಗುಳ್ಳೆಗಳು ಕೂಡ ಹೀಗೇ ಕಾಣಬಹುದು. ಡಿಫ್ಯೂಷನ್ ಎಂಬ ಇನ್ನೊಂದು ಬಗೆಯ ಚಿತ್ರ ಇಲ್ಲಿ ನೆರವಿಗೆ ಬರುತ್ತದೆ. ಕೀವು ಗಟ್ಟಿ. ಅದರೊಳಗೆ ನೀರಿನ ಕಣಗಳು ಸರಾಗವಾಗಿ ಓಡಾಡುವುದಿಲ್ಲ. ಆ ಅಡಚಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆದರೆ ಎಲ್ಲ ಕೀವೂ ಹೀಗೆ ಹೊಳೆಯಬೇಕೆಂದಿಲ್ಲ, ಹೊಸ ರಕ್ತಸ್ರಾವವೂ ಹೊಳೆಯಬಹುದು. ಟಿಬಿಯಲ್ಲಿ ಗ್ರಂಥಿಯನ್ನು ಮೆದುಳಿಗೆ ಸೇರಿಸುವ ತೊಟ್ಟು ದಪ್ಪಗಾಗಿರುವುದು, ಸುತ್ತಲ ಪೊರೆ ಬೆಳಗುವುದು ಸುಳಿವು ಕೊಡುತ್ತದೆ. ಅದೂ ಸುಳಿವು ಮಾತ್ರ.

ಹೀಗಾಗಿ ಬಹಳ ರೋಗಿಗಳಿಗೆ ನಿಜವಾದ ಉತ್ತರ ಸಿಗುವುದು ಆಪರೇಷನ್ ಟೇಬಲ್ಲಿನ ಮೇಲೆ. ಗಡ್ಡೆ ಎಂದುಕೊಂಡು ತೆರೆದರೆ ಕೀವು ಬರುತ್ತದೆ. ಇದನ್ನು ಯಾರದೋ ತಪ್ಪು ಎಂದುಕೊಳ್ಳಬೇಡಿ. ಕಾಯಿಲೆಯ ಸ್ವಭಾವವೇ ಹಾಗೆ.

ಟಿಬಿಯ ಅನುಮಾನ ಇದ್ದರೆ ತಲೆಗೆ ಕೈ ಹಾಕುವ ಮೊದಲು ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಕುತ್ತಿಗೆಯಲ್ಲಿ, ಎದೆಯಲ್ಲಿ ದುಗ್ಧಗ್ರಂಥಿಗಳು ಊದಿವೆಯಾ ನೋಡುತ್ತಾರೆ. ಅಲ್ಲಿಂದ ಚೂರು ತೆಗೆದು ಟಿಬಿ ಎಂದು ಖಚಿತವಾದರೆ, ಕಣ್ಣಿಗೂ ಅಪಾಯವಿಲ್ಲದಿದ್ದರೆ, ತಲೆಯ ಆಪರೇಷನ್ ಇಲ್ಲದೆ ಔಷಧದಲ್ಲೇ ಗುಣಪಡಿಸಲು ನೋಡಬಹುದು. ಆದರೆ ಪಿಟ್ಯುಟರಿ ಟಿಬಿ ಇರುವ ಹಲವರಿಗೆ ದೇಹದ ಬೇರೆಲ್ಲೂ ಟಿಬಿ ಕಾಣುವುದಿಲ್ಲ. ಆಗ ಗ್ರಂಥಿಯಿಂದಲೇ ಚೂರು ತೆಗೆಯಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ರೋಗನಿರೋಧಕ ಶಕ್ತಿಯಿಂದ ಬಂದ ಊತವೂ ಸ್ಕ್ಯಾನಿನಲ್ಲಿ ಸೋಂಕಿನಂತೆಯೇ ಕಾಣುತ್ತದೆ. ಅದಕ್ಕೆ ದೊಡ್ಡ ಪ್ರಮಾಣದ ಸ್ಟೆರಾಯ್ಡ್ ಕೊಡುವುದು ವಾಡಿಕೆ. ಒಳಗಿರುವುದು ಟಿಬಿ ಅಥವಾ ಫಂಗಸ್ ಆಗಿದ್ದು, ಅದರ ಔಷಧವಿಲ್ಲದೆ ಬರೀ ಸ್ಟೆರಾಯ್ಡ್ ಕೊಟ್ಟರೆ ಮೊದಲು ಆರಾಮ ಅನ್ನಿಸಿ ಆಮೇಲೆ ಸೋಂಕು ಹಬ್ಬಬಹುದು. ನಮ್ಮ ದೇಶದಲ್ಲಿ ಆ ಚಿಕಿತ್ಸೆಗೆ ಮೊದಲು ಟಿಬಿಯನ್ನು ಹುಡುಕಿ ನೋಡುವುದು ಅಗತ್ಯ ಎಂದು ನನ್ನ ಖಚಿತ ಅಭಿಪ್ರಾಯ.

ಎಲ್ಲಕ್ಕಿಂತ ಮೊದಲು ಕಾರ್ಟಿಸಾಲ್

ಕೀವಿಗಿಂತ ಬೇಗ ಜೀವ ತೆಗೆಯಬಲ್ಲದ್ದು ಕಾರ್ಟಿಸಾಲ್ ಎಂಬ, ಬಿಪಿಯನ್ನು ಹಿಡಿದಿಡುವ ಹಾರ್ಮೋನಿನ ಕೊರತೆ. ಅಡ್ರಿನಲ್ ಗ್ರಂಥಿಗೆ ಪಿಟ್ಯುಟರಿಯ ಆದೇಶ ಬರದಿದ್ದರೆ ಕಾರ್ಟಿಸಾಲ್ ತಯಾರಾಗುವುದಿಲ್ಲ. ಆಗ ಸುಸ್ತು, ವಾಂತಿ, ರಕ್ತದ ಸೋಡಿಯಂ ಇಳಿಯುವುದು. ಸಣ್ಣ ಜ್ವರವೋ ಆಪರೇಷನ್ನೋ ಬಂದರೆ ಬಿಪಿ ಕುಸಿದು ಬೀಳುತ್ತದೆ. ಬೆಳಗ್ಗೆ ಎಂಟರ ಹೊತ್ತಿಗೆ ರಕ್ತ ತೆಗೆದು ಇದನ್ನು ನೋಡುತ್ತಾರೆ. ಡೆಸಿಲೀಟರಿಗೆ 3 ಮೈಕ್ರೊಗ್ರಾಮಿಗಿಂತ ಕಡಿಮೆ ಇದ್ದರೆ ಕೊರತೆ ಎಂದೇ ಲೆಕ್ಕ. ಕೊರತೆ ಇದೆಯೋ ಇಲ್ಲವೋ ಎಂದು ಖಚಿತವಾಗದ ನಡುವಿನ ಅಂಕಿ ಬಂದರೆ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ರೋಗಿ ತೀರ ಸೋತಿದ್ದರೆ ರಿಪೋರ್ಟಿಗೆ ಕಾಯುವುದಿಲ್ಲ. ರಕ್ತ ತೆಗೆದಿಟ್ಟು, ಕಾರ್ಟಿಸಾಲ್ ಕೊರತೆ ತುಂಬುವ ಸ್ಟೆರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟುಬಿಡುತ್ತಾರೆ.

ಇಲ್ಲಿ ಕ್ರಮ ಮುಖ್ಯ. ಥೈರಾಯ್ಡ್ ಮಾತ್ರೆಯನ್ನು ಕಾರ್ಟಿಸಾಲ್ ಸರಿಪಡಿಸುವ ಮೊದಲು ಶುರುಮಾಡಬಾರದು. ಥೈರಾಕ್ಸಿನ್ ದೇಹದ ಕೆಲಸದ ವೇಗ ಹೆಚ್ಚಿಸುತ್ತದೆ, ಅಳಿದುಳಿದ ಕಾರ್ಟಿಸಾಲ್ ಬೇಗ ಖರ್ಚಾಗುತ್ತದೆ, ರೋಗಿ ಕುಸಿಯಬಹುದು. ಮೊದಲು ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್.

ಹೈಡ್ರೋಕಾರ್ಟಿಸೋನ್ ಶುರುವಾದ ಮೇಲೆ ಕೆಲವರಿಗೆ ಇದ್ದಕ್ಕಿದ್ದಂತೆ ಮೂತ್ರ ಜಾಸ್ತಿಯಾಗುತ್ತದೆ. ಮಾತ್ರೆ ಆಗಿಬರಲಿಲ್ಲ ಎಂದು ಮನೆಯವರು ನಿಲ್ಲಿಸಿಬಿಡುವ ಅಪಾಯ ಇದೆ. ನಿಜ ಸಂಗತಿ ಬೇರೆ. ಕಾರ್ಟಿಸಾಲ್ ಇಲ್ಲದಾಗ ದೇಹ ನೀರನ್ನು ಹೊರಹಾಕಲಾರದೆ ಇರುತ್ತದೆ. ಅದರಿಂದ ವ್ಯಾಸೊಪ್ರೆಸಿನ್ ಕೊರತೆ ಮುಚ್ಚಿಹೋಗಿರುತ್ತದೆ. ಮಾತ್ರೆ ಕೊಟ್ಟಾಗ ಅದು ಹೊರಗೆ ಕಾಣುತ್ತದೆ. ಇದಕ್ಕೆ ಡೆಸ್ಮೊಪ್ರೆಸಿನ್ ಎಂಬ ಮಾತ್ರೆ ಅಥವಾ ಮೂಗಿನ ಸ್ಪ್ರೇ ಇದೆ. ಅದು ಜಾಸ್ತಿಯಾದರೆ ಸೋಡಿಯಂ ಇಳಿದು ಗೊಂದಲ, ಫಿಟ್ಸ್ ಬರಬಹುದು. ಅದಕ್ಕೇ ಡೋಸನ್ನು ರಕ್ತ ಪರೀಕ್ಷೆ ನೋಡಿ ನಿಧಾನವಾಗಿ ಹೊಂದಿಸುತ್ತಾರೆ.

ಈ ನೀರಿನ ಕಾಯಿಲೆಯನ್ನು ಕೇಸ್ ಪೇಪರಿನಲ್ಲಿ ಡಯಾಬಿಟಿಸ್ ಇನ್ಸಿಪಿಡಸ್ ಎಂದು ಬರೆದಿರುತ್ತಾರೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಆಸ್ಪತ್ರೆ ಸಿಬ್ಬಂದಿಯೇ ಗೊಂದಲಕ್ಕೆ ಬಿದ್ದು ಡೆಸ್ಮೊಪ್ರೆಸಿನ್ ತಪ್ಪಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಇದನ್ನು ‘ವ್ಯಾಸೊಪ್ರೆಸಿನ್ ಕೊರತೆ’ ಎಂದೇ ಕರೆಯೋಣ ಎಂದು ಸೂಚಿಸಿತು. ಯಾವ ಆಸ್ಪತ್ರೆಗೆ ಸೇರಿದರೂ ‘ಇವರಿಗೆ ಶುಗರ್ ಇಲ್ಲ, ಡೆಸ್ಮೊಪ್ರೆಸಿನ್ ತಪ್ಪಿಸಬೇಡಿ’ ಎಂದು ನೀವೇ ಹೇಳಿ.

ಮೂಗಿನ ದಾರಿಯಲ್ಲಿ ಆಪರೇಷನ್

ಪಿಟ್ಯುಟರಿಗೆ ಮೂಗಿನ ಮೂಲಕ ಹೋಗಬಹುದೆಂದು 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ತೋರಿಸಿದರು. ಇಂದು ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ, ಸ್ಪಿನಾಯ್ಡ್ ಸೈನಸ್ ದಾಟಿ, ತೆಳು ಮೂಳೆ ತೆಗೆದು ಗ್ರಂಥಿ ತಲುಪುತ್ತಾರೆ. ಸೋಂಕಿಗೆ ಈ ದಾರಿಯೇ ಒಳ್ಳೆಯದು. ತಲೆಬುರುಡೆ ತೆರೆದು ಮೇಲಿನಿಂದ ಹೋದರೆ ಕೀವು ಮೆದುಳಿನ ಸುತ್ತಲ ದ್ರವಕ್ಕೆ ಸೇರುವ ಭಯ ಇದೆ. ಕೆಳಗಿನಿಂದ ಹೋದರೆ ಕೀವು ಮೂಗಿನ ಕಡೆಗೆ ಇಳಿದು ಹೋಗುತ್ತದೆ.

ಹೊರತೆಗೆದ ವಸ್ತು ಎಲ್ಲಿಗೆ ಹೋಗುತ್ತದೆ ಎನ್ನುವುದು ಆಪರೇಷನ್ನಿನಷ್ಟೇ ಮುಖ್ಯ. ಮಾಮೂಲಿ ಗಡ್ಡೆ ಎಂದುಕೊಂಡು ಎಲ್ಲವನ್ನೂ ಫಾರ್ಮಲಿನ್ ಬಾಟಲಿಗೆ ಹಾಕಿದರೆ ರೋಗಾಣುಗಳು ಸಾಯುತ್ತವೆ, ಆಮೇಲೆ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಆಗುವುದಿಲ್ಲ. ಒಂದು ಭಾಗ ಬಯಾಪ್ಸಿಗೆ ಫಾರ್ಮಲಿನ್‌ನಲ್ಲಿ ಹೋಗಬೇಕು. ಇನ್ನೊಂದು ಭಾಗ ಹಾಗೇ ಹಸಿಯಾಗಿ ಬ್ಯಾಕ್ಟೀರಿಯಾ ಕಲ್ಚರ್, ಟಿಬಿ ರೋಗಾಣುವಿನ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಮತ್ತು ಕಲ್ಚರ್, ಫಂಗಸ್ ಪರೀಕ್ಷೆಗೆ ಹೋಗಬೇಕು. ಅನುಮಾನ ಇದ್ದವರು ಆಪರೇಷನ್ನಿನ ಹಿಂದಿನ ದಿನವೇ ಡಾಕ್ಟರನ್ನು ಇದರ ಬಗ್ಗೆ ವಿನಯವಾಗಿ ಕೇಳಬಹುದು. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಇಷ್ಟೆಲ್ಲ ಮಾಡಿದರೂ ಸುಮಾರು ಅರ್ಧದಷ್ಟು ರೋಗಿಗಳ ಕೀವಿನಲ್ಲಿ ಏನೂ ಬೆಳೆಯುವುದಿಲ್ಲ. ಮೊದಲೇ ಆಂಟಿಬಯೋಟಿಕ್ ತೆಗೆದುಕೊಂಡಿರುವುದು ಒಂದು ಕಾರಣ. ಆಗ ಹಲವು ಬಗೆಯ ಬ್ಯಾಕ್ಟೀರಿಯಾಗಳಿಗೆ ತಾಗುವಂಥ ಔಷಧಗಳನ್ನು ಸೇರಿಸಿ ಕೊಡುತ್ತಾರೆ. ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಅದರಲ್ಲಿ ಬಹುಪಾಲು ಇಂಜೆಕ್ಷನ್ನಿನಲ್ಲೇ.

ಟಿಬಿ ಮತ್ತು ಫಂಗಸ್: ಔಷಧಗಳ ಜಗ್ಗಾಟ

ಟಿಬಿ ಎಂದು ತಿಳಿದರೆ ಚಿಕಿತ್ಸೆ ಉದ್ದ. ಶ್ವಾಸಕೋಶದ ಟಿಬಿಗೆ ಆರು ತಿಂಗಳಾದರೆ ಇಲ್ಲಿ ಸಾಮಾನ್ಯವಾಗಿ ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ. ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ಈ ಔಷಧಗಳು ಉಚಿತ. ಹೆಸರು ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ಪಟ್ಟಿಯಾದ ನಿಕ್ಷಯ್‌ನಲ್ಲಿ ದಾಖಲಾಗಿದ್ದರೆ ಊರಿಗೆ ಮರಳಿದ ಮೇಲೆ ಅಲ್ಲಿಯ ಸರ್ಕಾರಿ ಕೇಂದ್ರದಲ್ಲೂ ಮುಂದುವರಿಸಬಹುದು. ಮುಂಬೈಯಲ್ಲಿ ಶುರುಮಾಡಿ ವಿಜಯಪುರಕ್ಕೆ ಹೋಗುವವರು ವರ್ಗಾವಣೆ ಮಾಡಿಸಿಕೊಂಡೇ ರೈಲು ಹತ್ತಬೇಕು.

ಚಿಕಿತ್ಸೆಯ ಆರಂಭದಲ್ಲಿ ಟಿಬಿ ಗಂಟು ಕೆಲವರಲ್ಲಿ ಇನ್ನೂ ದೊಡ್ಡದಾಗುತ್ತದೆ. ಸಾಯುತ್ತಿರುವ ರೋಗಾಣುಗಳ ವಿರುದ್ಧ ದೇಹ ತೋರಿಸುವ ಪ್ರತಿಕ್ರಿಯೆ ಅದು. ಔಷಧ ಕೆಲಸ ಮಾಡುತ್ತಿಲ್ಲ ಎಂದು ತಾವೇ ತೀರ್ಮಾನಿಸಿ ಬಿಡಬಾರದು. ಆದರೆ ಔಷಧಕ್ಕೆ ಬಗ್ಗದ ಟಿಬಿಯೂ ಹೀಗೆ ಕಾಣಬಹುದಾದ್ದರಿಂದ ಡಾಕ್ಟರಿಗೆ ತೋರಿಸಲೇಬೇಕು. ಎಥಾಂಬುಟಾಲ್ ಎಂಬ ಟಿಬಿ ಮಾತ್ರೆ ಕಣ್ಣಿನ ನರವನ್ನು ಬಾಧಿಸಬಹುದು. ಗ್ರಂಥಿ ಮೊದಲೇ ಕಣ್ಣಿನ ನರವನ್ನು ಒತ್ತುತ್ತಿದ್ದರೆ, ನೋಟ ಮಂಜಾದದ್ದು ಯಾವುದರಿಂದ ಎಂದು ಆಮೇಲೆ ಹೇಳುವುದು ಕಷ್ಟ. ಹಾಗಾಗಿ ಶುರುವಿನಲ್ಲೇ ನೋಟದ ಪರಿಧಿ, ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ ದಾಖಲೆ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಜಾಸ್ತಿ ಮರೆತುಹೋಗುವುದು ರಿಫಾಂಪಿಸಿನ್ ಮಾಡುವ ಕೆಲಸ. ಟಿಬಿಯ ಈ ಮುಖ್ಯ ಔಷಧ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆ ಕಿಣ್ವಗಳು ಹೈಡ್ರೋಕಾರ್ಟಿಸೋನ್ ಅನ್ನೂ ಬೇಗ ಒಡೆದುಹಾಕುತ್ತವೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ದೇಹಕ್ಕೆ ಅದು ಸಾಲುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 15ರಿಂದ 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಸಾಕಾಗುವವರಿಗೂ ರಿಫಾಂಪಿಸಿನ್ ಜೊತೆಗೆ ಡೋಸ್ ಏರಿಸಬೇಕಾಗುತ್ತದೆ. ಥೈರಾಕ್ಸಿನ್ ಕೂಡ ಜಾಸ್ತಿ ಬೇಕಾಗಬಹುದು. ಟಿಬಿ ಔಷಧ ಶುರುವಾದ ಮೇಲೆ ರೋಗಿಗೆ ಸುಸ್ತು, ವಾಂತಿ, ತಲೆಸುತ್ತು ಹೆಚ್ಚಾದರೆ ಮಾತ್ರೆಯ ಉಷ್ಣ ಎಂದು ಮಜ್ಜಿಗೆ ಕುಡಿಸಿ ಕೂರಬೇಡಿ. ಅದೇ ದಿನ ಎಂಡೋಕ್ರೈನಾಲಜಿ, ಅಂದರೆ ಹಾರ್ಮೋನ್ ವಿಭಾಗದ, ಡಾಕ್ಟರಿಗೆ ಹೇಳಿ.

ಫಂಗಸ್‌ನ ಕಥೆ ಇದಕ್ಕೆ ತಿರುವುಮುರುವು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಆಸ್ಪರ್ಜಿಲಸ್ ಎಂಬ ಫಂಗಸ್ ಸೈನಸ್‌ನಿಂದ ಮೇಲಕ್ಕೆ ಹತ್ತಬಹುದು. ಕೆಲವೊಮ್ಮೆ ಆರೋಗ್ಯವಂತರಲ್ಲೂ. 2021ರ ಕೋವಿಡ್ ಅಲೆಯಲ್ಲಿ ಮಹಾರಾಷ್ಟ್ರ ಕಂಡ ಕಪ್ಪು ಫಂಗಸ್ ಮ್ಯೂಕರ್ ಕೂಡ ಇದೇ ದಾರಿಯಲ್ಲಿ ಹೋಗುತ್ತದೆ, ಆದರೆ ಅದು ಹಬ್ಬುವ ವೇಗ ತುಂಬ ಹೆಚ್ಚು. ಮ್ಯೂಕರ್‌ಗೆ ಆಂಫೋಟೆರಿಸಿನ್, ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್. ವೊರಿಕೊನಜೋಲ್ ಆ ಕಿಣ್ವಗಳನ್ನೇ ನಿಧಾನಗೊಳಿಸುತ್ತದೆ. ಹಾಗಾಗಿ ಸ್ಟೆರಾಯ್ಡ್ ದೇಹದಲ್ಲಿ ಉಳಿದು ಮುಖ ಊದುವುದು, ಶುಗರ್ ಏರುವುದು ಆಗಬಹುದು. ಒಂದೇ ಗ್ರಂಥಿ, ಒಂದೇ ಹೈಡ್ರೋಕಾರ್ಟಿಸೋನ್. ಸೋಂಕು ಯಾವುದು ಎನ್ನುವುದರ ಮೇಲೆ ಡೋಸ್ ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ನಿರ್ಧಾರವಾಗುತ್ತದೆ. ಸೋಂಕಿನ ಡಾಕ್ಟರೂ ಹಾರ್ಮೋನ್ ಡಾಕ್ಟರೂ ಒಂದೇ ಔಷಧ ಪಟ್ಟಿ ನೋಡಬೇಕು ಎನ್ನುವುದು ಇದಕ್ಕೇ. ಪರೇಲ್‌ನ ಕೆಇಎಂನಂಥ ಆಸ್ಪತ್ರೆಯಲ್ಲಿ ನ್ಯೂರೋಸರ್ಜರಿ, ಎಂಡೋಕ್ರೈನಾಲಜಿ ಎರಡೂ ಒಂದೇ ಆವರಣದಲ್ಲಿ ಇರುವುದು ಇಂಥ ರೋಗಿಗೆ ದೊಡ್ಡ ಅನುಕೂಲ.

ಮನೆಗೆ ಬಂದ ಮೇಲೆ

ಆಪರೇಷನ್ ಆದ ಮೇಲೆ ತಲೆನೋವು ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ನೋಟವೂ ಹಲವರಲ್ಲಿ ಸುಧಾರಿಸುತ್ತದೆ, ಬೇಗ ಮಾಡಿಸಿದಷ್ಟೂ ಒಳ್ಳೆಯದು. ಹಾರ್ಮೋನ್‌ಗಳು ಅಷ್ಟು ಸುಲಭವಾಗಿ ಮರಳುವುದಿಲ್ಲ. ಬಹಳ ಜನರಿಗೆ ಮಾತ್ರೆ ಜೀವನಪೂರ್ತಿ ಬೇಕಾಗುತ್ತದೆ.

ಹೈಡ್ರೋಕಾರ್ಟಿಸೋನ್ ತೆಗೆದುಕೊಳ್ಳುವವರು ಜ್ವರ ಬಂದ ದಿನ ಡೋಸನ್ನು ಎರಡು ಅಥವಾ ಮೂರು ಪಟ್ಟು ಮಾಡಬೇಕು. ಎಷ್ಟು, ಎಷ್ಟು ದಿನ ಎಂದು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಇಂಜೆಕ್ಷನ್ ಬೇಕು, ಅದೂ ತಡಮಾಡದೆ. ಮಳೆಗಾಲದಲ್ಲಿ ಮಲೇರಿಯಾ, ಡೆಂಗ್ಯೂ, ಹೊಟ್ಟೆ ಕೆಡುವುದು ಈ ಊರಿನಲ್ಲಿ ಮಾಮೂಲು. ಆ ಇಂಜೆಕ್ಷನ್ ಮನೆಯಲ್ಲಿ ಇಟ್ಟುಕೊಂಡು ಒಬ್ಬರಾದರೂ ಹಾಕಲು ಕಲಿತಿರುವುದು ಒಳ್ಳೆಯದು. ಲೋಕಲ್ ಟ್ರೇನಿನಲ್ಲಿ ತಲೆಸುತ್ತಿ ಬಿದ್ದರೆ ಜೊತೆಯವರಿಗೆ ಏನೂ ಗೊತ್ತಿರುವುದಿಲ್ಲ. ಪಾಸ್ ಇಡುವ ಪರ್ಸಿನಲ್ಲಿ ‘ಸ್ಟೆರಾಯ್ಡ್ ಮೇಲೆ ಅವಲಂಬಿತ, ತಕ್ಷಣ ಹೈಡ್ರೋಕಾರ್ಟಿಸೋನ್ ಕೊಡಿ’ ಎಂದು ಮರಾಠಿ ಮತ್ತು ಇಂಗ್ಲಿಷಿನಲ್ಲಿ ಬರೆದ ಚೀಟಿ ಇರಲಿ.

ಕೀವು ಮತ್ತೆ ತುಂಬಿಕೊಳ್ಳುವುದೂ ಉಂಟು. ಹಾಗಾಗಿ ಎಂಆರ್‌ಐ ಕೆಲವು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ ಮಾಡಿಸುತ್ತಾರೆ. ಟಿಬಿ ಕೋರ್ಸ್ ಮುಗಿದ ದಿನ ಇನ್ನೊಂದು ಕೆಲಸ ಬಾಕಿ ಇರುತ್ತದೆ. ರಿಫಾಂಪಿಸಿನ್ ನಿಂತ ಮೇಲೆ ಕಿಣ್ವಗಳು ಕೆಲವು ವಾರಗಳಲ್ಲಿ ಮೊದಲಿನ ವೇಗಕ್ಕೆ ಬರುತ್ತವೆ. ಅದಕ್ಕೆಂದು ಏರಿಸಿದ್ದ ಹೈಡ್ರೋಕಾರ್ಟಿಸೋನ್, ಥೈರಾಕ್ಸಿನ್ ಡೋಸನ್ನು ಆಗ ಇಳಿಸಬೇಕು. ಟಿಬಿಯ ಕೊನೆಯ ಮಾತ್ರೆ ನುಂಗುವ ಮೊದಲೇ ಎಂಡೋಕ್ರೈನಾಲಜಿ ಒಪಿಡಿಯ ತಾರೀಖು ತೆಗೆದುಕೊಂಡಿರಿ.